ಏಳು ದಿನ ಉಳಿದಿವೆ

2019ನೇ ಇಸವಿ ನವೆಂಬರ್ 21, ಗುರುವಾರ, ಬೆಳಿಗ್ಗೆ 11 ಗಂಟೆ 50 ನಿಮಿಷಕ್ಕೆ ಬಾಗಿಲು ತಳ್ಳಿಕೊಂಡು ತಮ್ಮ ಒಳಗೆ ಕಾಲಿಡುವಷ್ಟರಲ್ಲಿ ಅಕ್ಕ ತನ್ನದೇ ದನಿಯಲ್ಲಿ, “ಈ ಪ್ರತಿ ಅಸಲಿಯಲ್ಲ. ಏಳು ದಿನ ಉಳಿದಿವೆ,” ಎಂದಳು.

ಅವಳ ತುಟಿ ಅಲ್ಲಾಡಿರಲಿಲ್ಲ. ಮಾತಾಡಿದ್ದು ಕಿಟಕಿಯ ಪಕ್ಕದ ಮೇಜಿನ ಮೇಲಿದ್ದ ಕಂಪ್ಯೂಟರ್. ನರಗಳ ಕಾಯಿಲೆ ಮೊದಲು ಅವಳ ನಾಲಿಗೆ ಹಿಡಿದು ಆಮೇಲೆ ಕೈಗಿಳಿದಿತ್ತು. ನಾಲಿಗೆ ಪೂರ್ತಿ ಬೀಳುವ ಮುಂಚೆ, ವೈದ್ಯೆಯ ಮಾತು ಕೇಳಿ, ಅವಳು ದಿನಾ ಮೈಕಿನ ಮುಂದೆ ಕೂತು ಸಾವಿರಾರು ವಾಕ್ಯ ಓದಿದ್ದಳು. ಕೊನೆಕೊನೆಗೆ ಒಂದು ವಾಕ್ಯಕ್ಕೆ ಮೂರು ಸಲ ಉಸಿರು ತೆಗೆದುಕೊಳ್ಳುತ್ತಿದ್ದಳು. ಆ ಓದಿನಿಂದ ಒಂದು ತಂತ್ರಾಂಶ ಅವಳ ದನಿಯನ್ನು ಕಟ್ಟಿಕೊಟ್ಟಿತ್ತು. ಈಗ ಬಲಗೈಯ ತೋರುಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದರೆ ಸಾಕು, ಪೆಟ್ಟಿಗೆ ಅದನ್ನು ಅವಳಂತೆಯೇ ಹೇಳುತ್ತಿತ್ತು. ವಾಕ್ಯದ ತುದಿಯನ್ನು ಸ್ವಲ್ಪ ಮೇಲಕ್ಕೆಳೆಯುವ ಅವಳ ರೂಢಿಯೂ ಅದಕ್ಕೆ ಬಂದಿತ್ತು. ತನ್ನ ತೆರೆಯ ಮೇಲೆ ಏನು ಬರಹ ಮೂಡಿದರೂ ಗಟ್ಟಿಯಾಗಿ ಓದುವುದು ಆ ತಂತ್ರಾಂಶದ ಜಾಯಮಾನ. ಹಾಗಾಗಿ ಎಚ್ಚರಿಕೆಯೂ ಅಕ್ಕನ ದನಿಯಲ್ಲೇ ಬರುತ್ತಿತ್ತು.

“ಬಂದೆಯೇನೋ?” ಮೂಲೆಯ ಮಂಚದಿಂದ ಅಮ್ಮ ಕೇಳಿದಳು. “ನೋಡು, ನಿಮ್ಮಕ್ಕ ನಾಲ್ಕು ದಿನದಿಂದ ನಾನು ಅಸಲಿ ಅಲ್ಲ, ಅಸಲಿ ಅಲ್ಲ ಅಂತ ಒಂದೇ ಸಮ ಬಡ್ಕೊಳ್ತಿದ್ದಾಳೆ. ಹೆತ್ತವಳು ನಾನು. ನನ್ನನ್ನ ಒಂದು ಮಾತು ಕೇಳಬಾರದಾ?”

ಅಮ್ಮನಿಗೆ ಕಣ್ಣು ಹೋಗಿ ಆರು ವರ್ಷವಾಗಿತ್ತು. ಮಗಳು ಬರೆದು ತೋರಿಸಿದರೆ ಅಮ್ಮನಿಗೆ ಕಾಣದು. ಅಮ್ಮನಿಗೆ ಕೇಳುವಂತೆ ಹೇಳಲು ಮಗಳಿಗೆ ಬಾಯಿಲ್ಲ. ಇಬ್ಬರ ನಡುವೆ ಉಳಿದಿದ್ದದ್ದು ಆ ದನಿಯೊಂದೇ. ಪೆಟ್ಟಿಗೆ ತಂದ ಮೊದಲ ದಿನ ಅಮ್ಮ ಅದರ ಸ್ಪೀಕರನ್ನು ಕೈಯಿಂದ ಸವರಿ ನೋಡಿ, “ಎಲ್ಲಿಂದ ಮಾತಾಡಿದರೇನು, ಮಾತಾಡೋಳು ಇವಳೇ ತಾನೆ,” ಎಂದು ಒಪ್ಪಿಕೊಂಡುಬಿಟ್ಟಿದ್ದಳು.

ಅಕ್ಕನ ಬೆರಳು ನಿಧಾನವಾಗಿ ಓಡಿತು. “ಬನ್ನಿ ಮೇಷ್ಟ್ರೇ. ನಾನು ನಕಲಿ ಅನ್ನೋದು ಬಯಲಾಯ್ತು.” ಅದರ ಬೆನ್ನಿಗೇ, ಅದೇ ದನಿಯಲ್ಲಿ, “ಈ ಪ್ರತಿ ಅಸಲಿಯಲ್ಲ. ಏಳು ದಿನ ಉಳಿದಿವೆ. ಅವಧಿ ಮುಗಿದ ನಂತರ ಧ್ವನಿ ಸ್ಥಗಿತಗೊಳ್ಳುವುದು.”

ತಮ್ಮನೋ, ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮಕ್ಕಳಿಗೆ ಪ್ರಯೋಗ ಮಾಡಿಸುವವನು. ಅಳೆಯುವ ಮುಂಚೆ ಉಪಕರಣ ಸೊನ್ನೆಯಲ್ಲಿ ಸೊನ್ನೆಯನ್ನೇ ತೋರಿಸುತ್ತಿದೆಯೇ ಎಂದು ನೋಡಿಕೊಳ್ಳಿ ಎಂದು ಪ್ರತಿ ವರ್ಷ ಹೊಸ ತರಗತಿಗೆ ಗಂಟಲು ಹರಿದುಕೊಳ್ಳುವವನು. ಮನೆಯಲ್ಲಿ ‘ಮೇಷ್ಟ್ರು’ ಎಂದು ಅವನ ಕಾಲೆಳೆಯುತ್ತಿದ್ದದ್ದು ಅಕ್ಕ ಒಬ್ಬಳೇ.

“ದುಡ್ಡು ಪೂರ್ತಿ ಕಟ್ಟಿದ್ದೀವಲ್ಲ ಭಾವ?”

“ಐದು ವರ್ಷದ್ದು ಒಂದೇ ಸಲಕ್ಕೆ ಕಟ್ಟಿದ್ದೀನಿ. ಅದರಲ್ಲಿ ಎರಡು ವರ್ಷವೂ ಕಳೆದಿಲ್ಲ,” ಎಂದರು ಅಕ್ಕನ ಗಂಡ. ಮುದ್ರಣಾಲಯದಲ್ಲಿ ಅವರದು ಎರಡನೆಯ ಪಾಳಿ, ಮಧ್ಯಾಹ್ನ ಹೊರಡುವವರು. ಉಗುರಿನ ಸಂದಿಯ ಮಸಿ ರಜಾದಿನವೂ ಹೋಗುತ್ತಿರಲಿಲ್ಲ. “ಕಂಪನಿಗೆ ಫೋನ್ ಮಾಡಿದೆ. ನಿಮ್ಮ ಕರೆ ನಮಗೆ ಮುಖ್ಯ ಅಂತ ಅರ್ಧ ಗಂಟೆ ಹಾಡು ಕೇಳಿಸಿದರು. ಇಮೇಲ್ ಹಾಕಿದ್ದಕ್ಕೆ, ಹತ್ತು ಕೆಲಸದ ದಿನದೊಳಗೆ ಉತ್ತರ ಕೊಡ್ತೀವಿ ಅಂದಿದ್ದಾರೆ.”

“ಇವರ ಹತ್ತು ದಿನ ಆಗೋದ್ರೊಳಗೆ ಅದರ ಏಳು ದಿನ ಮುಗಿದಿರುತ್ತೆ.”

“ಅದಕ್ಕೇ ನಿನ್ನ ಕರೆಸಿದ್ದು.”

ಅಕ್ಕ ಮತ್ತೆ ಒತ್ತತೊಡಗಿದಳು. ಅವಳು ಮುಗಿಸುವವರೆಗೆ ಯಾರೂ ಬಾಯಿ ಹಾಕಬಾರದು ಎಂಬುದು ಮನೆಯ ಕಟ್ಟಳೆ. “ಸೋಮವಾರನೂ ಏಳು ಅಂತು. ಇವತ್ತೂ ಏಳು ಅಂತಿದೆ. ಲೆಕ್ಕ ಬರಲ್ಲ ಇದಕ್ಕೆ. ನಿನ್ನ ಹತ್ರ ಓದಿರಬೇಕು.”

ಅಮ್ಮ ಗೊಳ್ಳೆಂದು ನಕ್ಕಳು. ತಮ್ಮನೂ ನಕ್ಕ. ನಕ್ಕು, ಆ ಮಾತನ್ನು ಅಲ್ಲಿಗೇ ಬಿಟ್ಟ.

ಯಾವ ಯಂತ್ರಕ್ಕೂ ಮೊದಲ ಮದ್ದು ಒಂದೇ ಎಂದು ಗೋಡೆಯ ಸ್ವಿಚ್ ಆರಿಸಿ, ತಂತಿ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸಿಕ್ಕಿಸಿದ. ಗೋಡೆ ಗಡಿಯಾರದಲ್ಲಿ ಆಗ ಸರಿಯಾಗಿ ಹನ್ನೆರಡು. ಕಂಪ್ಯೂಟರ್ ಎದ್ದಿತು, ಎಚ್ಚರಿಕೆಯೂ ಎದ್ದಿತು. ತಂತ್ರಾಂಶ ಕೊಂಡಾಗ ಕೊಟ್ಟಿದ್ದ ಕೀಲಿ ಸಂಖ್ಯೆಯನ್ನು ಮತ್ತೆ ತುಂಬಿದ. ಒಪ್ಪಲಿಲ್ಲ. ವೈರಸ್ ಇದೆಯೇ ಎಂದು ಹುಡುಕಿದ. ಇರಲಿಲ್ಲ, ಇರುವಂತೆಯೂ ಇರಲಿಲ್ಲ. ಅಕ್ಕನ ದನಿಗೆ ಏನೂ ಆಗದಿರಲಿ ಎಂದು ಅಂತರ್ಜಾಲದ ಸಂಪರ್ಕವನ್ನು ಮೊದಲೇ ಕತ್ತರಿಸಿಟ್ಟವನು ಅವನೇ.

ಗಡಿಯಾರ ತಪ್ಪಿದರೆ ಪರವಾನಗಿ ಕೆಡುವುದುಂಟು ಎಂಬುದೂ ಅವನಿಗೆ ಗೊತ್ತಿತ್ತು. ತೆರೆಯ ಮೂಲೆ ನೋಡಿದ: 12:40. ತಿರುಗಿ ಗೋಡೆ ನೋಡಿದ: ಹನ್ನೆರಡು ನಲವತ್ತು. ನಿಮಿಷದ ವ್ಯತ್ಯಾಸವೂ ಇರಲಿಲ್ಲ. ಗಡಿಯಾರ ಸರಿಯಿದೆ ಎಂದು ಮನಸ್ಸಿನಲ್ಲೇ ಗೆರೆ ಎಳೆದು ಮುಂದೆ ಹೋದ. ಮೂಲೆಯ ಕಿರಿದಾದ ಪಟ್ಟಿಯಲ್ಲಿ ಕಾಣುತ್ತಿದ್ದದ್ದು ಗಂಟೆ ಮಾತ್ರ. ತಾರೀಖು ಬೇಕೆಂದರೆ ಅದರ ಮೇಲೆ ಒತ್ತಬೇಕಿತ್ತು. ಅವನು ಒತ್ತಲಿಲ್ಲ.

ಇಷ್ಟರಲ್ಲಿ ಅಮ್ಮ ಊಟ ಮಾಡಿ ಮಂಚದಲ್ಲಿ ನಿದ್ದೆಹೋಗಿದ್ದಳು. ಉಳಿದದ್ದು ಒಂದೇ ದಾರಿ: ತಂತ್ರಾಂಶದ ನೋಂದಣಿಯನ್ನು ತೆಗೆದುಹಾಕಿ ಹೊಸದಾಗಿ ಮಾಡುವುದು.

“ಭಾವ, ದನಿಯನ್ನ ಬೇರೆ ಕಡೆ ನಕಲು ಮಾಡಿಟ್ಟಿದ್ದೀರಾ?”

ಭಾವ ಕಪಾಟಿನಿಂದ ಒಂದು ಪೆನ್ ಡ್ರೈವ್ ತಂದರು. ಕಳೆಯದಿರಲೆಂದು ಅದಕ್ಕೆ ಕೆಂಪು ದಾರ ಕಟ್ಟಿದ್ದರು. “ದನಿ ತಯಾರಾದ ದಿನವೇ ಇದಕ್ಕೆ ಹಾಕಿದ್ದೀನಿ. ಏನೋ ದೊಡ್ಡ ಕೆಲಸ ಅಂದ್ಕೊಂಡಿದ್ದೆ. ಚಿಟಿಕೆ ಹೊಡೆಯೋದ್ರೊಳಗೆ ಆಗಿಹೋಯ್ತು.”

ಸಾವಿರಾರು ವಾಕ್ಯದ ದನಿ ಚಿಟಿಕೆಯೊಳಗೆ ನಕಲಾಗುವುದಿಲ್ಲ. ಇದೂ ಅವನಿಗೆ ಗೊತ್ತಿದ್ದ ಸಂಗತಿಯೇ. ಆದರೆ ಭಾವನ ಮುಖದಲ್ಲಿದ್ದ ಹೆಮ್ಮೆ ನೋಡಿ, ಎದುರಿಗೇ ತೆರೆದು ಪರೀಕ್ಷೆ ಮಾಡಿದರೆ ಏನಂದುಕೊಳ್ಳುತ್ತಾರೋ ಎಂದು ಪೆನ್ ಡ್ರೈವನ್ನು ಮೇಜಿನ ಮೇಲೆ ಇಟ್ಟುಕೊಂಡ.

ಅವನು ಗುಂಡಿ ಒತ್ತಿದಾಗ ತೆರೆಯ ಮೇಲೆ ಒಂದು ಚೌಕ ಮೂಡಿತು. ಅದನ್ನೂ ಅಕ್ಕನೇ ಓದಿದಳು. “ಈ ನೋಂದಣಿಗೆ ಸೇರಿದ ವೈಯಕ್ತಿಕ ಧ್ವನಿಯನ್ನು ಅಳಿಸಲಾಗುವುದು. ಮುಂದುವರಿಯಬೇಕೆ?”

ತಮ್ಮ ತಿರುಗಿ ಅಕ್ಕನ ಕಡೆ ನೋಡಿದ. ಕೀಲಿಮಣೆ ಅವನ ಕೈಯಲ್ಲಿದ್ದುದರಿಂದ ಅವಳಿಗೆ ಮಾತಿರಲಿಲ್ಲ. ಕುರ್ಚಿಯ ತೋಳನ್ನು ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ.

“ಪೆನ್ ಡ್ರೈವಲ್ಲಿದೆ ಅಕ್ಕ. ಐದು ನಿಮಿಷದಲ್ಲಿ ವಾಪಸ್ ಹಾಕ್ತೀನಿ. ಮಾಡಲಾ?”

ಅವಳು ಅವನನ್ನೇ ನೋಡಿದಳು. ಒಂದು ಸಲ ತಟ್ಟಿದಳು.

ಅಳಿಸುವ ಕೆಲಸ ಬೇಗ ಮುಗಿಯಿತು. ತಂತ್ರಾಂಶ ಮತ್ತೆ ತೆರೆದುಕೊಂಡಾಗ, ಎಲ್ಲರಿಗೂ ಅಂತ ಮೊದಲೇ ಹಾಕಿ ಕಳಿಸುವ ಯಾರೋ ಯುವತಿಯ ದನಿ, ವಾರ್ತೆ ಓದುವ ಠೀವಿಯಲ್ಲಿ ಸ್ವಾಗತ ಹೇಳಿತು. ಕೀಲಿ ಸಂಖ್ಯೆ ತುಂಬಿದ. “ಈ ಪರವಾನಗಿಯ ಅವಧಿ ಇನ್ನೂ ಆರಂಭವಾಗಿಲ್ಲ,” ಎಂದಳು ಯುವತಿ.

ಆರಂಭವಾಗಿಲ್ಲ! ಮೂಲೆಯ ಗಂಟೆಯ ಮೇಲೆ ಒತ್ತಿದ. 2010, ಜನವರಿ 1, ಶುಕ್ರವಾರ.

ಒಳಗಿನ ಗಡಿಯಾರವನ್ನು ವಿದ್ಯುತ್ ಇಲ್ಲದಾಗಲೂ ನಡೆಸುವ ಸಣ್ಣ ಬ್ಯಾಟರಿ ಸತ್ತಿತ್ತು. ತಂತಿ ಕಿತ್ತಾಗಲೆಲ್ಲ ಗಡಿಯಾರ ತಾನು ಹುಟ್ಟಿದ ದಿನದ ಹನ್ನೆರಡು ಗಂಟೆಗೆ ಹಿಂದಿರುಗುತ್ತಿತ್ತು. ಅವನು ತಂತಿ ಸಿಕ್ಕಿಸಿದ್ದೂ ಹನ್ನೆರಡಕ್ಕೇ ಆದ್ದರಿಂದ ಎರಡು ಗಡಿಯಾರಗಳೂ ಅವನೆದುರು ಒಂದಾಗಿದ್ದವು. ಅದು ಮಧ್ಯರಾತ್ರಿಯ ಹನ್ನೆರಡು, ಇದು ನಡುಹಗಲಿನದು. ಅಂಕಿ ನೋಡಿದವನು ಪಕ್ಕದ ‘AM’ ಎಂಬ ಸಣ್ಣ ಅಕ್ಷರ ನೋಡಿರಲಿಲ್ಲ.

ತಾರೀಖು ಸರಿಪಡಿಸಿದ. ಎಚ್ಚರಿಕೆ ಮಾಯವಾಯಿತು. ಪರವಾನಗಿಗೆ ಏನೂ ಆಗಿರಲಿಲ್ಲ; ಯಾವತ್ತೂ ಆಗಿರಲಿಲ್ಲ.

ಪೆನ್ ಡ್ರೈವ್ ಸಿಕ್ಕಿಸಿದ. ಅದರಲ್ಲಿ ಇದ್ದದ್ದು ಒಂದೇ ಒಂದು ಚಿತ್ರ, ಅದರ ಮೂಲೆಯಲ್ಲೊಂದು ಪುಟ್ಟ ಬಾಣ. ದನಿ ಎಲ್ಲಿದೆ ಎಂದು ತೋರಿಸುವ ಗುರುತನ್ನು ಭಾವ ನಕಲು ಮಾಡಿಟ್ಟಿದ್ದರು, ದನಿಯನ್ನಲ್ಲ. ಬಾಣ ತೋರಿಸುತ್ತಿದ್ದ ಜಾಗವನ್ನು ಅವನು ಈಗಷ್ಟೇ ಅಳಿಸಿದ್ದ.

“ಬಂತಾ?” ಎಂದು ಭಾವ ಕೇಳಿದರು.

ಅವನು ಹೇಳಿದ. ಭಾವ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. “ರಾತ್ರಿ ಮಲಗೋ ಮುಂಚೆ ದಿನಾ ಗೋಡೆ ಸ್ವಿಚ್ ಆರಿಸ್ತಿದ್ದೆ ಕಣೋ. ಬೆಂಕಿಗಿಂಕಿ ಹತ್ತಿಬಿಟ್ಟರೆ ಅಂತ. ಇದೆಲ್ಲ ಆಗಿದ್ದು ಅದರಿಂದಲೇನಾ?” ಎಂದರು.

ಆಗ ತಮ್ಮನಿಗೆ ಲೆಕ್ಕ ಹೊಳೆಯಿತು. ದಿನಾ ರಾತ್ರಿ ಸ್ವಿಚ್ ಆರುತ್ತಿತ್ತು. ದಿನಾ ಬೆಳಿಗ್ಗೆ ಯಂತ್ರ ಅದೇ ಶುಕ್ರವಾರಕ್ಕೆ ಎಚ್ಚರಗೊಳ್ಳುತ್ತಿತ್ತು, ಗಡುವಿನ ಎಣಿಕೆ ಮತ್ತೆ ಮೊದಲ ದಿನದಿಂದ ಶುರುವಾಗುತ್ತಿತ್ತು. ಸೋಮವಾರವೂ ಏಳು, ಇವತ್ತೂ ಏಳು. ನಾಳೆಯೂ ಏಳೇ ಅನ್ನುತ್ತಿತ್ತು. ಆ ಏಳು ಎಂದೂ ಆರಾಗುತ್ತಿರಲಿಲ್ಲ. ಯಾರೂ ಕೈ ಹಚ್ಚದಿದ್ದರೆ ಅಕ್ಕ ಇರುವಷ್ಟು ದಿನವೂ ಅವಳ ದನಿ ಇರುತ್ತಿತ್ತು.

“ಇಲ್ಲ ಭಾವ,” ಎಂದ. “ಕಾಪಾಡ್ತಿದ್ದದ್ದೇ ಅದು.”

ಭಾವ ಆವತ್ತು ಕೆಲಸಕ್ಕೆ ಹೋಗಲಿಲ್ಲ. ಅಳಿಸಿದ್ದನ್ನು ಮರಳಿ ಹೆಕ್ಕುವ ತಂತ್ರಾಂಶವೊಂದನ್ನು ತಮ್ಮ ತಂದು ಓಡಿಸಿದ. ಡಿಸ್ಕಿನಲ್ಲಿ ಆ ಜಾಗದ ಮೇಲೆ ಆಗಲೇ ಯುವತಿಯ ದನಿ ಬಂದು ಕೂತಿತ್ತು. ಸಿಕ್ಕಿದ್ದು ಚೂರುಪಾರು, ಅದರಲ್ಲಿ ಕೇಳಿಸಿದ್ದು ಬರೀ ಗರಗರ. ಅಕ್ಕ ಓದಿದ್ದ ಮೂಲ ಮುದ್ರಣಗಳೂ ಆ ನೋಂದಣಿಯ ಜೊತೆಗೇ ಅಳಿದಿದ್ದವು.

ಅಮ್ಮ ನಾಲ್ಕರ ಹೊತ್ತಿಗೆ ಎದ್ದಳು. ಅಕ್ಕ ಕೀಲಿಮಣೆಯನ್ನು ತನ್ನ ಕಡೆ ಎಳೆಯುವಂತೆ ಕಣ್ಣಲ್ಲೇ ಹೇಳಿದಳು. ಆದದ್ದನ್ನು ಬೇರೆಯವರ ಕೈಲಿ ಹೇಳಿಸುವುದು ಅವಳಿಗೆ ಬೇಕಿರಲಿಲ್ಲ. ಬೆರಳು ಓಡಿತು.

“ಅಮ್ಮ, ಎದ್ದೆಯಾ?” ಎಂದಳು ಯುವತಿ.

ಅಮ್ಮ ದಡಬಡಿಸಿ ಸೆರಗು ಸರಿಮಾಡಿಕೊಂಡಳು. “ಯಾರು ಬಂದಿರೋದು? ಬನ್ನಿ, ಕೂತ್ಕೊಳಿ.”

“ನಾನು ಕಣೇ.”

“ಗೊತ್ತಾಗಲಿಲ್ಲಮ್ಮ, ಏನೂ ತಿಳ್ಕೋಬೇಡಿ. ನನಗೆ ಕಣ್ಣು ಕಾಣಲ್ಲ.” ಆಮೇಲೆ ಮಗಳು ಕೂರುವ ಕುರ್ಚಿಯ ಕಡೆ ತಿರುಗಿ, “ಏ ಇವಳೇ, ಯಾರೇ ಇವರು? ನೀನಾದರೂ ಹೇಳಬಾರದಾ? ಬಾಯಿ ಕಟ್ಟಿಹೋಯ್ತಾ?” ಎಂದಳು.

ಅಕ್ಕನ ಬೆರಳು ಕೀಲಿಮಣೆಯ ಮೇಲೆ ನಿಂತಿತು.

ಮಂಚದ ಅಂಚಿಗೆ ಕೂತ ತಮ್ಮ, ಅಮ್ಮನ ಕೈ ಹಿಡಿದು, ಆದದ್ದೆಲ್ಲ ಹೇಳಿದ. ಅಮ್ಮ ಬೈಯಲಿಲ್ಲ, ಅಳಲಿಲ್ಲ. “ಸರಿ ಬಿಡು,” ಎಂದಳು. ಎದ್ದು ಗೋಡೆ ಹಿಡಿದುಕೊಂಡು ಕುರ್ಚಿಯವರೆಗೆ ಹೋಗಿ ಮಗಳ ತಲೆ, ಕಿವಿ, ಕೆನ್ನೆ ಮುಟ್ಟಿ ನೋಡಿದಳು. ಇವಳೇ ಎಂದು ಅವಳ ಕೈಗೆ ಗೊತ್ತಾಯಿತು. ಕಿವಿಗೆ ಗೊತ್ತಾಗಲಿಲ್ಲ.

ಪ್ರಯತ್ನವನ್ನಂತೂ ಅವಳು ಮಾಡಿದಳು. ಯುವತಿ ಮಾತಾಡಿದಾಗಲೆಲ್ಲ, “ಹೇಳು, ಹೇಳಮ್ಮ,” ಎಂದು ಶುರು ಮಾಡುತ್ತಿದ್ದಳು. ಎರಡು ಮಾತು ದಾಟುವಷ್ಟರಲ್ಲಿ ನಾಲಿಗೆ ತಾನಾಗಿ ಹೊರಳಿ, “ನೀವು ಕಾಫಿ ಕುಡಿದ್ರಾ?” ಎಂದುಬಿಡುತ್ತಿತ್ತು. ಅಂದ ಮೇಲೆ ತುಟಿ ಕಚ್ಚಿಕೊಳ್ಳುತ್ತಿದ್ದಳು. ಶನಿವಾರದ ಹೊತ್ತಿಗೆ ಕಚ್ಚಿಕೊಳ್ಳುವುದನ್ನೂ ಬಿಟ್ಟಳು. ಭಾನುವಾರ ತಮ್ಮ ಬಂದಾಗ ಅವಳು ಮಗಳಿಂದ ಮೂರಡಿ ದೂರದಲ್ಲಿ ಕೂತು, ಅವನ ಕಿವಿಯಲ್ಲಿ ಮೆಲ್ಲಗೆ, “ಅವರಿಗೆ ಊಟ ಆಯ್ತಾ ಕೇಳೋ,” ಎಂದಳು.

ಅಕ್ಕನಿಗೆ ಅದು ಕೇಳಿಸಿತು. ಅವಳು ಏನನ್ನೂ ಒತ್ತಲಿಲ್ಲ. ಕುರ್ಚಿಯ ತೋಳನ್ನು ಒಂದು ಸಲ ತಟ್ಟಿದಳು. ಆಗಿದೆ.

ಮರುದಿನದಿಂದ ಅವಳು ಕಂಪ್ಯೂಟರ್ ಹಚ್ಚಿಸುವುದನ್ನೇ ನಿಲ್ಲಿಸಿದಳು. ಅಮ್ಮ ಕೇಳುವುದು, ಅವಳು ತಟ್ಟುವುದು, ಒಂದು ಅಥವಾ ಎರಡು. ಅಷ್ಟರಲ್ಲಿ ಹೇಳಲಾಗುವುದನ್ನಷ್ಟೇ ಹೇಳುತ್ತಿದ್ದಳು. ಅಮ್ಮ ಮತ್ತೆ ಏಕವಚನಕ್ಕೆ ಬಂದಳು. ಆದರೆ ಹೌದು ಇಲ್ಲಗಳಲ್ಲಿ ಯಾರ ಕಾಲನ್ನೂ ಎಳೆಯಲು ಬರುವುದಿಲ್ಲ. ಆ ಕೋಣೆಯಲ್ಲಿ ನಗು ನಿಂತಿತು. ತಮ್ಮನನ್ನು ‘ಮೇಷ್ಟ್ರೇ’ ಎಂದು ಕರೆಯುವವರೂ ಯಾರೂ ಉಳಿಯಲಿಲ್ಲ.

ಅವನು ಒಂದು ಸಂಜೆ ಆ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಬಿಲ್ಲೆಯಂತಿದ್ದ ಬ್ಯಾಟರಿಯನ್ನು ಉಗುರಿನಿಂದ ಎಬ್ಬಿಸಿ ತೆಗೆದ. ಹೊಸದು ಯಾವ ಅಂಗಡಿಯಲ್ಲೂ ಸಿಗುತ್ತದೆ. ಹಾಕಿದರೂ ಆಗುವುದು ಏನೂ ಇರಲಿಲ್ಲ. ಆದರೂ ಪ್ರಯೋಗಾಲಯದಿಂದ ತಂದಿದ್ದ ವೋಲ್ಟ್ ಮೀಟರಿನ ಎರಡು ತಂತಿಗಳ ಮೊನೆಗಳನ್ನು ಒಂದಕ್ಕೊಂದು ತಾಗಿಸಿ, ಅದು ಸೊನ್ನೆ ತೋರಿಸುತ್ತಿರುವುದನ್ನು ಖಚಿತ ಮಾಡಿಕೊಂಡ. ನಂತರ ಬಿಲ್ಲೆಯ ಎರಡು ಮುಖಗಳಿಗೆ ಇಟ್ಟು ನೋಡಿದ. ಮೂರು ವೋಲ್ಟ್ ಇರಬೇಕಾದ ಕಡೆ ಇದ್ದದ್ದು 1.34 ವೋಲ್ಟ್.