ಮೊದಲನೆಯವಳ ಹೆಸರು

"ತೊಟ್ಟಿಲಿಗೆ ಅಂತ ತಂದ ಸೀರೆ ವಾಪಸ್ ತಗೊಂಡು ಹೋಗ್ತೀನಮ್ಮ. ಇಲ್ಲಿದ್ರೆ ನಿನ್ನ ಕಣ್ಣಿಗೇ ಬೀಳ್ತಿರುತ್ತೆ," ಎನ್ನುತ್ತ ಜಯಮ್ಮ ಸೂಟ್‌ಕೇಸಿನ ಮೇಲೆ ಮೊಣಕಾಲೂರಿ ಜಿಪ್ ಎಳೆದರು. ಬಾಣಂತಿ ಪುಡಿ, ಹಾಲು ಕುಡಿಸುವ ಬೆಳ್ಳಿ ಒಳಲೆ, ಹಳೆಯ ಪಂಚೆ ಹರಿದು ಹೊಲಿದ ಲಂಗೋಟಿಗಳು, ಮೈಸೂರಿನಿಂದ ತೂಕ ಮಾಡಿ ಮಾಡಿ ತುಂಬಿ ತಂದದ್ದೆಲ್ಲ ಮತ್ತೆ ಒಳಗೆ ಸೇರಿತ್ತು.

ಸೊಸೆ ಹಂಸಾ ಸೋಫಾದ ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಹೆರಿಗೆಯಾಗಿ ಅಂದಿಗೆ ಹನ್ನೆರಡನೆಯ ದಿನ. ಎಂಟು ತಿಂಗಳು ತುಂಬಿದ್ದ ಹೆಣ್ಣುಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ರಕ್ತ ನಿಲ್ಲದೆ ಡಾಕ್ಟರು ಗರ್ಭಕೋಶವನ್ನೂ ತೆಗೆದುಬಿಟ್ಟಿದ್ದರು. ಮಗು ಬದುಕಿದ್ದರೆ ಜಪಾನಿನ ತ್ಸುಕುಬಾದ ಈ ಪುಟ್ಟ ಮನೆಯಲ್ಲಿ ಇವತ್ತು ನಾಮಕರಣ.

ಹುಟ್ಟುವ ಮೊದಲು ಹೆಸರು ಯೋಚಿಸಕೂಡದು ಎಂಬುದು ಜಯಮ್ಮನವರ ಕಟ್ಟಪ್ಪಣೆಯಾಗಿತ್ತು. ಮಗ ಅನೂಪ್ ಕದ್ದುಮುಚ್ಚಿ ಫೋನಿನಲ್ಲಿ ಹದಿನಾಲ್ಕು ಹೆಸರುಗಳ ಪಟ್ಟಿ ಮಾಡಿಕೊಂಡದ್ದು ಗೊತ್ತಾಗಿ, ವಿಡಿಯೋ ಕಾಲಿನಲ್ಲಿ ತಮ್ಮ ಕಣ್ಣೆದುರೇ ಅಳಿಸಿಹಾಕಿಸಿದ್ದರು. ಬೀಜಗಳ ಲ್ಯಾಬಿನಲ್ಲಿ ನೂರಾರು ಭತ್ತದ ತಳಿಗಳ ಹೆಸರನ್ನು ಬಾಯಿಪಾಠ ಒಪ್ಪಿಸುವ ಮಹಾನುಭಾವನಿಗೆ ಈಗ ಆ ಹದಿನಾಲ್ಕರಲ್ಲಿ ಒಂದೂ ನೆನಪಿರಲಿಲ್ಲ. ನಿಜಕ್ಕೂ ಮರೆತಿದ್ದನೋ, ಹೇಳಲು ಬಾಯಿ ಬರುತ್ತಿರಲಿಲ್ಲವೋ, ಹಂಸಾ ಒತ್ತಾಯಿಸಿ ಕೇಳಲಿಲ್ಲ.

ನಗರಸಭೆಯ ನೋಂದಣಿ ಕಚೇರಿಯ ಕಾಗದದಲ್ಲೂ ಹೆಸರಿಗೆ ಜಾಗವಿರಲಿಲ್ಲ. ತಂದೆ ಯಾರು, ತಾಯಿ ಯಾರು, ಎಷ್ಟು ವಾರ ಎಂದಷ್ಟೇ ಇತ್ತು. ಕೌಂಟರಿನ ಹೆಂಗಸು ನಾಲ್ಕು ಸಲ ಸುಮಿಮಾಸೆನ್, ಕ್ಷಮಿಸಿ, ಎಂದು ತಲೆಬಾಗಿ, 'ಭ್ರೂಣ' ಎಂದು ಬರೆದಿದ್ದ ದಹನದ ಪರವಾನಗಿಯನ್ನು ಎರಡೂ ಕೈಯಲ್ಲಿ ಹಿಡಿದು ಅನೂಪ್‌ಗೆ ಕೊಟ್ಟಿದ್ದಳು. "ಹಸುಗೂಸನ್ನ ಯಾರಾದ್ರೂ ಸುಡ್ತಾರೇನೋ? ಹೂಳ್ಬೇಕು ಕಣೋ," ಎಂದು ಜಯಮ್ಮ ಗೋಳಾಡಿದ್ದರು. ಹೂಳಲು ಇಲ್ಲಿ ಮಣ್ಣೆಲ್ಲಿಂದ ತರುವುದು? ಸುಟ್ಟ ಮೇಲೆ ಸಿಕ್ಕ ಕಡ್ಡಿಯಂಥ ಮೂಳೆಗಳು ಒಂದು ಬಿಳಿ ಪಿಂಗಾಣಿ ಭರಣಿಯಲ್ಲಿ, ಪುಸ್ತಕದ ಕಪಾಟಿನ ಮೇಲೆ ಕೂತಿದ್ದವು.

ಹಂಸಾಳ ತೊಡೆಯ ಮೇಲೆ, ಇಲ್ಲಿ ಬಸುರಿಯರಿಗೆಲ್ಲ ಕೊಡುವ ತಾಯಿ-ಮಗುವಿನ ಕೈಪುಸ್ತಕವಿತ್ತು. ಮುಖಪುಟದಲ್ಲಿ ಮಗುವಿನ ಹೆಸರಿಗೊಂದು ಗೆರೆ, ಪಕ್ಕದಲ್ಲಿ ಎಷ್ಟನೆಯ ಮಗು ಎಂದು ಬರೆಯಲು ಚಿಕ್ಕ ಜಾಗ. ಅಲ್ಲಿ 'ಒಂದು' ಎಂದು ಅವಳೇ ಮೊದಲ ದಿನ ಸಡಗರದಿಂದ ಬರೆದಿದ್ದಳು. ಹೆಸರಿನ ಗೆರೆ ಖಾಲಿಯಿತ್ತು.

ಹಿಂದಿನ ದಿನ ಸೂಪು ತಂದಿದ್ದ ಲೊರೇನ್ ಆ ಮುಖಪುಟವನ್ನು ಬಹಳ ಹೊತ್ತು ನೋಡಿದ್ದಳು. ಅನೂಪ್‌ನ ಲ್ಯಾಬಿನವಳು, ಅಮೆರಿಕದ ಮೂಲನಿವಾಸಿ, ಪುಸ್ತಕಗಳಲ್ಲಿ 'ಸೂ' ಎಂದು ಬರೆಯುತ್ತಾರಲ್ಲ, ಆ ಜನದವಳು.

"ಸೂ ಅನ್ನೋದು ಬೇರೆಯವರು ನಮಗೆ ಅಂಟಿಸಿದ ಹೆಸರು," ಎಂದಿದ್ದಳು ಇಂಗ್ಲಿಷಿನಲ್ಲಿ. "ನಾವು ನಮ್ಮನ್ನ ಡಕೋಟಾ ಅಂತೀವಿ. ಸ್ನೇಹಿತರು ಅಂತ. ಕಾಗದದಲ್ಲಿ ಭ್ರೂಣ ಅಂತ ಬರೆದರೆ ಬರ್ಕೊಳ್ಳಲಿ, ಹಂಸಾ. ನಮ್ಮಲ್ಲಿ ಹಿರಿಯರು ಇಡೋ ಹೆಸರು ಆಮೇಲೆ ಬರುತ್ತೆ. ಅದಕ್ಕೂ ಮೊದಲು, ಹುಟ್ಟಿದ ಕ್ರಮಕ್ಕೇ ಒಂದು ಹೆಸರಿದೆ. ಮೊದಲ ಮಗು ಹೆಣ್ಣಾದರೆ ವಿನೋನಾ. ಅದನ್ನ ಯಾರೂ ಇಡಬೇಕಾಗಿಲ್ಲ, ಹುಟ್ಟಿದ ಕೂಡಲೇ ಅವಳದೇ." ಆಮೇಲೆ ಹೇಳಿದ್ದಳು: "ನನ್ನಮ್ಮನ ಮೊದಲ ಮಗಳು ಒಂದು ದಿನವೂ ಉಳಿಯಲಿಲ್ಲ. ನಾನು ಎರಡನೆಯವಳು, ಹಾಪನ್. ಅಕ್ಕನ ಜಾಗ ನನಗೆ ಕೊಡಲಿಲ್ಲ."

"ಆ ಹೆಸರು ನಾನು ತಗೋಬಹುದಾ?" ಎಂದು ಹಂಸಾ ಕೇಳಿದ್ದಳು.

"ಕೊಡೋ ಅಧಿಕಾರ ನನಗಿಲ್ಲ," ಎಂದು ಲೊರೇನ್ ಅವಳ ಕೈ ಹಿಡಿದುಕೊಂಡಿದ್ದಳು. "ಆದರೆ ಮನಸ್ಸಲ್ಲಿ ನಾನವಳನ್ನ ಹಾಗೇ ಕರೀತಿದ್ದೀನಿ."

ಹಂಸಾ ಕೈಪುಸ್ತಕ ಮುಚ್ಚಿಟ್ಟಳು. "ಅನೂಪ್, ಇವತ್ತು ಅವಳ ಕಿವೀಲಿ ಹೆಸರು ಹೇಳು."

ಬಾಲ್ಕನಿಯ ಬಾಗಿಲಲ್ಲಿ ನಿಂತಿದ್ದ ಅನೂಪ್ ತಿರುಗಿದ. "ಪ್ಲೀಸ್ ಹಂಸಾ, ಬೇಡ. ಏನಂತ ಹೇಳ್ಲಿ?"

"ವಿನೋನಾ ಅಂತ. ಮೊದಲನೇ ಮಗಳು ಅಂತ."

"ಯಾವ ದೇಶದ ಹೆಸರಮ್ಮ ಅದು?" ಜಯಮ್ಮ ಸೂಟ್‌ಕೇಸ್ ಬಿಟ್ಟು ಎದ್ದರು. "ಹೆಸರಿಲ್ದೆ ಹೋದ ಕೂಸು ಹಗುರವಾಗಿ ಹೋಗ್ಬಿಡುತ್ತೆ ಕಣಮ್ಮ. ಕೂಗಿದ್ರೆ ಇಲ್ಲೇ ಸುತ್ತುತ್ತೆ."

"ಸುತ್ತಲಿ ಅತ್ತೆ. ಇನ್ನೊಂದಂತೂ ಬರಲ್ಲ. ಇವಳನ್ನೂ ಲೆಕ್ಕಕ್ಕಿಲ್ಲ ಅಂದ್ಬಿಟ್ರೆ, ನಾನು ಹೆತ್ತಿದ್ದೇ ಸುಳ್ಳಾಗಲ್ವಾ?"

ಅಷ್ಟರಲ್ಲಿ ಜಯಮ್ಮನವರ ಫೋನು ಬಡಿದುಕೊಂಡಿತು. ಮೈಸೂರಿನ ತಂಗಿ ಅಹಲ್ಯಾ. ಅಡುಗೆಮನೆಗೆ ಹೋಗಿ ಮಾತಾಡಿದರು, ಆದರೆ ಆ ಮನೆಯಲ್ಲಿ ಅಡುಗೆಮನೆಯೆಂದರೆ ನಾಲ್ಕು ಹೆಜ್ಜೆ.

"ಹೂಂ, ನಾಡಿದ್ದು ಹೊರಡ್ತೀನಿ... ಯಾರು ಕೇಳಿದ್ರು? ಅನೂಪ್‌ಗೆ ಮಕ್ಕಳಿಲ್ಲ ಅಂದ್ಬಿಡು ಅಹಲ್ಯಾ. ಕೇಳ್ದೋರಿಗೆಲ್ಲ ಎಷ್ಟೂಂತ ಬಿಡಿಸಿ ಹೇಳ್ತೀಯ." ಅವರಿಗೂ ಕರುಳಿತ್ತು, ಆ ಪಟ್ಟಿ ಅಳಿಸಿಸಿದ್ದು ಹಗಲೂ ರಾತ್ರಿ ಚುಚ್ಚುತ್ತಿತ್ತು. ಆದರೂ ಆಡಿದ ಮಾತು ಆಡಿದ್ದೇ.

ಹಂಸಾ ಗಂಡನ ಮುಖ ನೋಡಿದಳು. ಅವನೂ ಕೇಳಿಸಿಕೊಂಡಿದ್ದ. ಹೋಗಿ ಕೈ ತೊಳೆದು ಬಂದ, ಕಪಾಟಿನ ಮೇಲಿಂದ ಭರಣಿಯನ್ನು ಇಳಿಸಿಕೊಂಡ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡ. ಹಂಸಾ ಹೊಟ್ಟೆಯ ಹೊಲಿಗೆ ಒತ್ತಿಕೊಂಡು ನಿಧಾನವಾಗಿ ಕೆಳಗಿಳಿದು ಪಕ್ಕದಲ್ಲಿ ಕೂತಳು.

"ಬಲಗಿವೀಲಿ, ಮೂರು ಸಲ," ಎಂದಳು.

ಅವನು ಬಾಗಿದ. ತುಟಿ ಪಿಂಗಾಣಿಗೆ ತಾಗುವಷ್ಟು ಹತ್ತಿರ ಹೋಗಿ ನಿಂತ.

"ಹಂಸಾ, ಬಲಗಿವಿ ಯಾವ ಕಡೆ?"

ಅವಳು ನೋಡಿದಳು. ಭರಣಿ ದುಂಡಗಿತ್ತು. ಅವನು ಅದನ್ನು ಒಂದಿಷ್ಟು ತಿರುಗಿಸಿದ, ಮತ್ತೊಂದಿಷ್ಟು ತಿರುಗಿಸಿದ. ಒಳಗೆ ಏನೋ ಸಣ್ಣಗೆ ಜರುಗಿದ ಸದ್ದಾಯಿತು. ಅನೂಪ್ ಕೈಗಳನ್ನು ಹಾಗೇ ನಿಲ್ಲಿಸಿಕೊಂಡು, ಮತ್ತೆ ಅಲುಗಾಡಿಸಲು ಹೆದರಿ ಕೂತ.