ಎರಡು ಸಾಲಿನ ವರದಿ

ಕಿಟಕಿಯಾಚೆ ಗುಮಾಸ್ತೆ ತೋರುಬೆರಳನ್ನು ಒದ್ದೆ ಸ್ಪಂಜಿಗೆ ಒತ್ತಿ ಹಾಳೆ ತಿರುವುತ್ತಾಳೆ, ಒತ್ತಿ, ತಿರುವಿ, ಮತ್ತೆ ಒತ್ತಿ, ಬೆರಳಿಗೆ ಇಷ್ಟೊಂದು ಕೆಲಸವಿದೆಯೆಂದು ನಾನು ಹಿಂದೆಂದೂ ಗಮನಿಸಿರಲಿಲ್ಲ, ಈಗ ಬಸ್ಸಿನಲ್ಲಿ, ಅಂಗಡಿಯಲ್ಲಿ, ಎಲ್ಲರ ಕೈಯನ್ನೇ ನೋಡುತ್ತೇನೆ, ಕಳ್ಳಿಯ ಹಾಗೆ — ಪಕ್ಕದಲ್ಲಿ ಅಕ್ಕ ಬಲಗೈಯನ್ನು ಚೀಲದೊಳಗೆ ಇಟ್ಟುಕೊಂಡು ಕೂತಿದ್ದಾಳೆ, ಏನೋ ಹುಡುಕುವವಳಂತೆ, ಒಂದು ಗಂಟೆಯಿಂದ ಹುಡುಕುತ್ತಿದ್ದಾಳೆ. ಯಾಕೇ ಹಾಗೆ ಮುಖ ಗಂಟು ಹಾಕ್ಕೊಂಡಿದೀಯ, ಎರಡು ಬೆರಳು ತಾನೇ ಹೋಗಿದ್ದು, ಇನ್ನೂ ಎಂಟಿದಾವೆ, ನೀನು ಹತ್ತೂ ಇಟ್ಕೊಂಡು ಏನು ಕಡಿದು ಕಟ್ಟೆ ಹಾಕಿದೀಯ ಎನ್ನುತ್ತಾಳೆ, ನಗುತ್ತಾಳೆ, ನಾನೂ ನಗಬೇಕು, ನಗುತ್ತೇನೆ. ಹಾಕಿದ್ದೇನಲ್ಲ, ಎರಡು ಸಾಲು ಬರೆದಿದ್ದೇನೆ, ಆ ಎರಡು ಸಾಲು ಈಗ ಒಳಗಿನ ಕೋಣೆಯಲ್ಲಿ, ಮೇಲ್ಮನವಿ ಕೇಳುವ ಅಧಿಕಾರಿಯ ಮೇಜಿನ ಮೇಲೆ, ಎಷ್ಟು ದುಂಡಾದ ಅಕ್ಷರ. ಆ ವಿಮಾ ನಿಧಿಯವರಿಗೆ ಕಣ್ಣಿಲ್ಲ ಕಣೇ, ನೀನು ಅಷ್ಟು ಚೆನ್ನಾಗಿ ಬರೆದ್ರೂ ಪರಿಹಾರ ಕೊಡಲ್ಲ ಅಂದ್ರಲ್ಲ — ಅಕ್ಕ, ಸುಮ್ಮನಿರು, ದಮ್ಮಯ್ಯ.

ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಅವಳು ಅಂಟಿನ ಯಂತ್ರದ ಮುಂದೆ ಹದಿನಾಲ್ಕು ವರ್ಷ, ನಾನು ಗಾಜಿನ ಹಿಂದೆ ಆಫೀಸಿನಲ್ಲಿ ಆರು ವರ್ಷ, ಓದಿಸಿದವಳು ಅವಳು, ಓದಿದವಳು ನಾನು, ಹಾಗಾಗಿ ಅಪಘಾತದ ವರದಿ ನನ್ನ ಪಾಲಿಗೆ ಬಂತು, ನಿನ್ನಕ್ಕ ಅಲ್ವಾ, ನೀನೇ ಬರೀಮ್ಮ ಅಂದರು ಮಾಲೀಕರು, ಎಷ್ಟು ಮೆತ್ತಗೆ ಅಂದರು. ಇದ್ದದ್ದೇನು, ಊಟದ ಗಂಟೆ ಹೊಡೆದು ಹತ್ತು ನಿಮಿಷ, ಅಕ್ಕ ಓಡುವ ರೋಲರನ್ನು ಬಟ್ಟೆಯಿಂದ ಒರೆಸುತ್ತಿದ್ದಳು, ನಿಲ್ಲಿಸಿದರೆ ಅಂಟು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಕೆಲಸದ ಹೊತ್ತಿನಲ್ಲಿ ಒರೆಸಿದರೆ ಪೆಟ್ಟಿಗೆಗಳು ಕಡಿಮೆ ಬೀಳುತ್ತವೆ, ಅದಕ್ಕೇ ಬಿಡುವಿನಲ್ಲಿ, ಓಡುತ್ತಿರುವಾಗಲೇ, ಸೇರಿದ ಮೊದಲ ದಿನ ಮಾಲೀಕರು ಹೇಳಿಕೊಡುವುದೇ ಅದನ್ನು — ಆದರೆ ಓಡುವ ಯಂತ್ರಕ್ಕೆ ಕೈ ಹಾಕಿದಳು ಎಂದು ಬರೆದರೆ ತಪ್ಪು ಅಕ್ಕನದೇ ಆಗುತ್ತದೆಂದು ಹೆದರಿದೆ, ಹೆದರುವುದು ನನಗೆ ಚೆನ್ನಾಗಿ ಬರುತ್ತದೆ, ತೂಗಿ ತೂಗಿ ಬರೆದೆ, ಊಟದ ಬಿಡುವಿನಲ್ಲಿ ಯಂತ್ರದ ಪಕ್ಕ ನಿಂತಿದ್ದಾಗ ಆಕಸ್ಮಿಕವಾಗಿ ಕೈ ಸಿಲುಕಿತು. ನಿಂತಿದ್ದಾಗ. ಎಂಥ ಪಾಪದ ಪದ. ಮಾಲೀಕರು ಎರಡು ಸಲ ಓದಿದರು, ಚೆನ್ನಾಗಿ ಬರೆದಿದೀಯಮ್ಮ, ಸಹಿ ಹಾಕಿದರು, ಅವರಿಗೆ ಗೊತ್ತಿತ್ತು. ನನಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ, ಸರ್ಕಾರಿ ವಿಮಾ ನಿಧಿಯ ಪತ್ರ ಬಂದಾಗ, ಗಾಯ ಕೆಲಸ ಮಾಡುತ್ತಿದ್ದಾಗ ಆದದ್ದಲ್ಲವಾದ್ದರಿಂದ ಅರ್ಜಿ ತಿರಸ್ಕರಿಸಲಾಗಿದೆ, ಆಗ ಕೂತು ನಿಯಮಗಳನ್ನು ಓದಿದೆ, ಪರೀಕ್ಷೆಗೆ ಓದುವವಳ ಹಾಗೆ ಪೆನ್ಸಿಲಿನಿಂದ ಗೆರೆ ಎಳೆದು: ತಪ್ಪು ಯಾರದೆಂದು ನಿಧಿ ಕೇಳುವುದೇ ಇಲ್ಲ, ಅಜಾಗರೂಕತೆಯಿಂದ ಕೈ ಹಾಕಿದ್ದರೂ ಸರಿ, ಕೆಲಸಕ್ಕಾಗಿ ಹಾಕಿದ್ದರೆ ಸಾಕು, ಆಸ್ಪತ್ರೆಯ ಖರ್ಚು ಸಿಗುತ್ತದೆ, ಮನೆಯಲ್ಲಿ ಕೂತ ದಿನಗಳಿಗೆ ಕೂಲಿಯ ಒಂದು ಪಾಲು, ಹೋದ ಬೆರಳಿಗೆ ಇಂತಿಷ್ಟು, ಬದಲಿಗೆ ಮಾಲೀಕನನ್ನು ಕೋರ್ಟಿಗೆ ಎಳೆಯುವ ಹಾಗಿಲ್ಲ, ಮಾಲೀಕ ಕಂತು ಕಟ್ಟುತ್ತಾನೆ, ಕೆಲಸದ ಅಪಘಾತಗಳು ದಾಖಲಾದಷ್ಟೂ ಅವನ ಕಂತು ಏರುತ್ತದೆ — ಓ, ಅದಕ್ಕೆ ಆ ಮೆತ್ತಗಿನ ದನಿ. ಯಾರೂ ಕೇಳದ ತಪ್ಪನ್ನು ಮುಚ್ಚಲು ಹೋಗಿ ಅವಳ ಕೆಲಸವನ್ನೇ ಮುಚ್ಚಿಬಿಟ್ಟೆ, ಒರೆಸುತ್ತಿದ್ದ ಬಟ್ಟೆಯನ್ನು, ಹಳದಿ ಬಟ್ಟೆ, ರೋಲರಿಗೆ ಸುತ್ತಿಕೊಂಡು — ಬೇಡ, ಅದು ಬೇಡ.

ನಿನ್ನೆ ಸಂಜೆ ಬಾಗಿಲಲ್ಲಿ ನಿಂತು ಮಾಲೀಕರು, ಹೋಗಿ ಬಾಮ್ಮ, ಬರೆದಿದ್ದನ್ನೇ ಹೇಳು, ಒಂದಕ್ಕೆರಡು ಸೇರಿಸ್ಬೇಡ, ನಿಮ್ಮಿಬ್ಬರ ಹೊಟ್ಟೆಪಾಡೂ ಇಲ್ಲೇ ತಾನೇ. ಇಬ್ಬರದಲ್ಲ, ಒಬ್ಬಳದು, ಅಕ್ಕನ ಜಾಗಕ್ಕೆ ಇನ್ನೊಬ್ಬಳು ಬಂದಾಗಿದೆ, ಅವಳೂ ಬಿಡುವಿನಲ್ಲೇ ಒರೆಸುತ್ತಾಳೆ, ಹಳದಿ ಬಟ್ಟೆಯಲ್ಲೇ, ನಾನು ಗಾಜಿನಾಚೆ ನೋಡುತ್ತಾ ಉಣ್ಣುತ್ತೇನೆ. ಈಗ ನಮ್ಮನ್ನು ಕರೆದರು, ಎದ್ದೆವು, ಕೋಣೆ ಇಷ್ಟು ಚಿಕ್ಕದೆಂದು ಅಂದುಕೊಂಡಿರಲಿಲ್ಲ, ಅಧಿಕಾರಿ, ಮಾಲೀಕರ ಕಡೆಯ ವಕೀಲ, ಮೊಣಕೈ ತಾಗುವಷ್ಟು ಹತ್ತಿರ ಅಕ್ಕ, ಅವಳ ಎದುರೇ ಹೇಳಬೇಕು. ಅಧಿಕಾರಿ ಓದುತ್ತಾರೆ, ನಿಂತಿದ್ದಾಗ ಅಂತ ಇದೆ, ಸುಮ್ನೆ ನಿಂತಿದ್ರಾ ಇವರು? ಹೂಂ ಅಂದರೆ ನಾಳೆಯೂ ನನ್ನ ಕುರ್ಚಿ ನನ್ನದೇ, ಹೂಂ ಅನ್ನು, ಇಲ್ಲ ಸರ್, ರೋಲರ್ ಒರೆಸ್ತಿದ್ಲು, ಬಿಡುವಲ್ಲೇ ಒರೆಸ್ಬೇಕು ಅಂತ ಮಾಲೀಕರೇ ಹೇಳಿರೋದು, ಯಾರ ದನಿ ಇದು, ನನ್ನದೇ. ವಕೀಲನಿಗೆ ಖುಷಿಯಾಗಿದೆ, ಹಾಗಾದ್ರೆ ಮೇಡಂ ಆಗ ಸುಳ್ಳು ಬರೆದ್ರೋ, ಈಗ ಸುಳ್ಳು ಹೇಳ್ತಿದೀರೋ? ಆಗ. ಹಾಗೆ ಬರೀರಿ ಅಂತ ಯಾರು ಹೇಳಿದ್ರು? ಯಾರೂ ಇಲ್ಲ. ನಾನೇ. ಅಕ್ಕ ನನ್ನ ಕಡೆ ತಿರುಗುತ್ತಾಳೆ, ಏನಾದರೂ ಅನ್ನೇ, ಬಯ್ಯೇ. ಒರೆಸೋದನ್ನ ನೀವು ಕಣ್ಣಾರೆ ನೋಡಿದ್ರಾ ಎನ್ನುತ್ತಾರೆ ಅಧಿಕಾರಿ. ನೋಡಿದೆ, ದಿನಾ ನೋಡ್ತಿದ್ದೆ. ಕೈ ಸಿಕ್ಕಿಕೊಂಡಾಗ? ನೋಡಿದೆ, ತುತ್ತು ಬಾಯಲ್ಲಿತ್ತು. ಏನು ನೋಡಿದ್ರಿ, ಹೇಳಿ, ಬರ್ಕೋತೀನಿ — ಬಟ್ಟೆ ಸರ್, ಹಳದಿ ಬಟ್ಟೆ, ರೋಲರ್ ಜೊತೆ ಮೇಲೆ ಬರುತ್ತಿತ್ತು, ಒಂದು ಕಡೆ ಹಳದಿ, ಒಂದು ಕಡೆ ಹಳದಿಯಲ್ಲ, ಕೆಳಗೆ ಹೋಗುತ್ತಿತ್ತು, ಯಾರೂ ನಿಲ್ಲಿಸಲಿಲ್ಲ, ಮತ್ತೆ ಮೇಲೆ, ಹಳದಿ, ಹಳದಿಯಲ್ಲ, ಮತ್ತೆ