ಎರಡು ಹೆಜ್ಜೆ ಹಿಂದೆ ಸರಿಯುವ ರೊಸೌರಾ

ಯಾರೊಡನೆ ಮಾತಿಗಿಳಿದರೂ ರೊಸೌರಾ ಮೊದಲು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಮೈಕಿನ ಮುಂದೆಯೂ ಹಾಗೆಯೇ ನಿಲ್ಲುತ್ತಿದ್ದರಂತೆ; ಹತ್ತಿರ ಹೋದರೆ ಆ ಕಂಠವನ್ನು ಯಂತ್ರ ತಾಳುತ್ತಿರಲಿಲ್ಲವಂತೆ. ನೆದರ್ಲೆಂಡ್ಸಿನ ವೂರ್‌ಬರ್ಗ್‌ನಲ್ಲಿ ಅವರು ನಮ್ಮ ಪಕ್ಕದ ಮನೆಗೆ ಬಂದು ಮೂರು ವರ್ಷವಾದರೂ ನಾನು ಇದನ್ನು ಅರ್ಧದಷ್ಟೂ ನಂಬಿರಲಿಲ್ಲ.

ಅವರು ಹೇಳುವ ಚರಿತ್ರೆಯೇನೋ ಭವ್ಯವೇ. ಮೆಕ್ಸಿಕೋದ ಹಳ್ಳಿಗಾಡಿನ ರಾಂಚೆರಾ ಹಾಡುಗಳನ್ನು ಹನ್ನೊಂದನೆಯ ವಯಸ್ಸಿನಲ್ಲೇ ಕೋಳಿ ಅಂಕದ ಬಯಲಿನಲ್ಲಿ ಹಾಡಿ, ಇಪ್ಪತ್ತಕ್ಕೆ ರೇಡಿಯೋ ಸೇರಿ, ಮೂವತ್ತರ ಹೊತ್ತಿಗೆ ದೇಶದ ಮನೆಮಾತಾಗಿ, ಕೀರ್ತಿಯ ಉತ್ತುಂಗದಲ್ಲಿ ರಾಟರ್‌ಡ್ಯಾಮಿನ ಹಡಗಿನ ಎಂಜಿನಿಯರೊಬ್ಬನ ಕೈಹಿಡಿದು ಇಲ್ಲಿಗೆ ಬಂದವರು. ತಮ್ಮ ಹರಕು ಇಂಗ್ಲಿಷಿನಲ್ಲಿ "ನಂಬಿದರೆ ನಂಬು, ಬಿಟ್ಟರೆ ಬಿಡು" ಎಂದು ಪ್ರತಿ ಕಥೆಗೂ ಬಾಲ ಅಂಟಿಸುತ್ತಿದ್ದರು. ನಾನು ಬಿಡುವ ಕಡೆಗೇ ವಾಲುತ್ತಿದ್ದೆ. ವೇದಿಕೆಗೆ ತೊಡುತ್ತಿದ್ದರೆಂಬ ಅವರ ಕರಿ ಕೋಟಿನ ಬೆಳ್ಳಿ ಗುಂಡಿಗಳ ಸಾಲಿನಲ್ಲಿ ಎರಡು ಪ್ಲಾಸ್ಟಿಕ್ಕಿನವು. ದೀಪಾವಳಿಗೆ ನಮಗೆ ಬರೆದ ಕಾರ್ಡಿನ ಸಹಿಗೂ, ಅವರ ಗೋಡೆಯಲ್ಲಿ ಚೌಕಟ್ಟು ಹಾಕಿಟ್ಟ ಹಳೆಯ ರೆಕಾರ್ಡಿನ ಹೊದಿಕೆಯ ಸಹಿಗೂ ಸಂಬಂಧವೇ ಇರಲಿಲ್ಲ. ನಾಚಿಕೆಯಿಲ್ಲದೆ ಎರಡನ್ನೂ ಹೋಲಿಸಿ ನೋಡಿದ್ದೆ. ಎಲ್ಲಕ್ಕಿಂತ ಮಿಗಿಲಾಗಿ, ಕೆಮ್ಮಿದರೂ ಕೇಳಿಸುವ ನಮ್ಮ ನಡುವಿನ ತೆಳುಗೋಡೆಯಾಚೆಯಿಂದ ಮೂರು ವರ್ಷಗಳಲ್ಲಿ ಒಂದು ಗುನುಗೂ ಬಂದಿರಲಿಲ್ಲ.

ರಾಟರ್‌ಡ್ಯಾಮಿನಲ್ಲಿ ನಡೆಯುವ ನಮ್ಮ ರಾಜ್ಯೋತ್ಸವಕ್ಕೆ ಹಾಡಬೇಕೆಂದು ಕನ್ನಡ ಸಂಘದ ಸಮೀಕ್ಷಾ ರೊಸೌರಾರನ್ನು ಕೇಳಿದಾಗ, ಆ ಮುಖ ಅರಳಿದ ರೀತಿಯೂ ನನಗೆ ಅನುಮಾನವನ್ನೇ ತಂದಿತು. ಮೂವತ್ತು ವರ್ಷಗಳ ನಂತರ ಸಿಕ್ಕ ಮೊದಲ ವೇದಿಕೆ. ಮರುದಿನವೇ ಕೋಟು ಬಾಲ್ಕನಿಯ ಬಿಸಿಲಿನಲ್ಲಿ ತೂಗುತ್ತಿತ್ತು. ಪೋಸ್ಟರ್ ಅಚ್ಚಾಗುವ ಮೊದಲು ಸಮೀಕ್ಷಾ ನನಗೆ ಫೋನ್ ಮಾಡಿದಳು.

"ಅಕ್ಕಾ, ಯೂಟ್ಯೂಬ್‌ನಲ್ಲಿರೋ ಆ ಸಿಂಗರ್ ಇವ್ರೇನಾ? ಮುಖ ಒಂಚೂರೂ ಮ್ಯಾಚ್ ಆಗ್ತಿಲ್ಲ. ಆಮೇಲೆ ಸ್ಟೇಜ್ ಮೇಲೆ ನಮ್ ಮರ್ಯಾದೆ ಹೋಗತ್ತೆ. ನೀವೇ ಒಂದ್ಸಲ ಚೆಕ್ ಮಾಡ್ಬಿಡಿ."

ಹೋದೆ. ಪಾಸ್‌ಪೋರ್ಟ್ ಕೇಳಿದೆ, ಕೇಳಿಯೇಬಿಟ್ಟೆ. ಅದರಲ್ಲಿದ್ದದ್ದು ಬೇರೆಯೇ ಹೆಸರು. ರೊಸೌರಾ ಎಂಬುದು ವೇದಿಕೆಗೆಂದು ಇಟ್ಟುಕೊಂಡದ್ದು ಎಂದರು. ನನ್ನ ಹುಬ್ಬು ಏರಿದ್ದನ್ನು ಗಮನಿಸಿದರು. ಎದ್ದು, ಸದಾ ಸುತ್ತಿಕೊಂಡಿರುತ್ತಿದ್ದ ಸ್ಕಾರ್ಫನ್ನು ಬಿಚ್ಚಿ, ಎದುರುಗೋಡೆಗೆ ಬೆನ್ನು ತಾಗುವವರೆಗೆ ಹಿಂದೆ ಹೋಗಿ ನಿಂತರು. ಕೊರಳಲ್ಲಿ ಶಸ್ತ್ರಚಿಕಿತ್ಸೆಯ ಗಾಯದ ಗುರುತಿತ್ತು. ಹಾಡಿದರು. ಧ್ವನಿ ಸೀಳಿಹೋಗಿತ್ತು, ಆದರೆ ಸಾಲಿನ ಕೊನೆಯಲ್ಲಿ ಬಿಕ್ಕಿನಂತೆ ಮುರಿದು ಮೇಲಕ್ಕೆ ಚಿಮ್ಮುವ ಆ ಸ್ವರ, ನಾನು ಯೂಟ್ಯೂಬಿನಲ್ಲಿ ಹತ್ತಾರು ಸಲ ಕೇಳಿದ್ದ ಅದೇ ಸ್ವರ. ನನಗೆ ಅಳು ಬಂತು.

"ಕ್ಷಮಿಸಿ," ಎಂದೆ. "ಹಬ್ಬಕ್ಕೆ ಬಂದು ಹಾಡಿ."

"ಹಾಡು ಬೇಕು ಅಂದಿದ್ದರೆ ಇರುವಷ್ಟು ಗಂಟಲಲ್ಲೇ ಬಂದು ಹಾಡುತ್ತಿದ್ದೆ. ನಿನಗೆ ಬೇಕಾದದ್ದು ಸಾಕ್ಷಿ. ಕೊಟ್ಟಿದ್ದೇನೆ."

ಪಾಸ್‌ಪೋರ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಅವರೇ ಬಾಗಿಲು ತೆರೆದರು.

ಈ ದೇಶಕ್ಕೆ ಬಂದ ಹೊಸತರಲ್ಲಿ ಗೆಮೆಂಟೆ ಎಂಬ ಇಲ್ಲಿನ ಪುರಸಭೆ ಕಚೇರಿಯ ಕಿಟಕಿಯಲ್ಲಿ ಜನನಪತ್ರ ಹಿಡಿದು ನಿಂತು, ನಾನು ನಾನೇ ಎಂದು ಮೂರು ಮೂರು ಸಲ ರುಜುವಾತು ಮಾಡಿ, ಅವಮಾನದಿಂದ ಕುದ್ದವಳು ನಾನು. ಜನರ ಕಿವಿಯಲ್ಲಿ ಬಾಳಿದವರಿಗೆ ಪರದೇಶದಲ್ಲಿ ಯಾವ ಕಾಗದವೂ ಆಸರೆಯಾಗುವುದಿಲ್ಲ. ಕೇಳುವವರ ವಿಶ್ವಾಸವೊಂದೇ ಅವರ ಗುರುತು, ಅದನ್ನು ಬೇಡಲು ಅವರಿಗೆ ಬಿಗುಮಾನ. ಇಂಥ ಹಾಡುಗಾರರು ಅನುಮಾನಕ್ಕೂ ಉತ್ತರ ಕೊಡುತ್ತಾರೆ. ಅನುಮಾನಿಸಿದವರಿಗೆ ಮಾತ್ರ ಮತ್ತೆಂದೂ ಹಾಡುವುದಿಲ್ಲ.